ಎಲಿವೇಟರ್ ದಾಟಿ ಬನ್ನಿ, ಬ್ಲಫ್ ಪಕ್ಕದಲ್ಲೇ ನಮ್ಮನೆ: ಕೆನಡಾದ ಪ್ರೇರಿ ಮಾತಿನ ಒಳಗುಟ್ಟು

ಕೆನಡಾ ಅಂದರೆ ಟೊರಾಂಟೊ, ಇಲ್ಲವೇ ವ್ಯಾಂಕೂವರ್ ಅನ್ನುವ ಕಾಲ ಹೋಯಿತು. ಅಲ್ಲಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಓದಲು, ಕೆಲಸಕ್ಕೆ ಹೋಗುವವರ ಬಾಯಲ್ಲಿ ಈಗ ಕ್ಯಾಲ್ಗರಿ, ಎಡ್ಮಂಟನ್, ಸ್ಯಾಸ್ಕಟೂನ್, ರಿಜೈನಾ, ವಿನಿಪೆಗ್ ಅನ್ನುವ ಹೆಸರುಗಳು ಬರುತ್ತಿವೆ. ಇವೆಲ್ಲ ಪ್ರೇರಿ ನಾಡಿನ ಊರುಗಳು. ಹೋದವರಿಗೆ ಚಳಿಯ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳಿರುತ್ತಾರೆ. ಮಾತಿನ ಬಗ್ಗೆ ಯಾರೂ ಹೇಳಿರುವುದಿಲ್ಲ.

ಸ್ಯಾಸ್ಕಟೂನ್‌ನಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರು ಹೀಗೊಂದು ಮೆಸೇಜ್ ಕಳಿಸಿದರು ಅಂದುಕೊಳ್ಳಿ: "ಭಾನುವಾರ ಹಳ್ಳಿ ಮನೆಗೆ ಡಿನ್ನರ್‌ಗೆ ಬನ್ನಿ. ಎಲಿವೇಟರ್ ದಾಟಿ ಗ್ರಿಡ್‌ನಲ್ಲಿ ನಾಲ್ಕು ಮೈಲಿ ಉತ್ತರಕ್ಕೆ. ಕರೆಕ್ಷನ್ ಲೈನ್ ಹತ್ತಿರ ಹುಷಾರು. ಎಡಕ್ಕೆ ಒಂದು ಸ್ಲೂ, ಅದರ ಪಕ್ಕ ಬ್ಲಫ್. ಅದೇ ನಮ್ಮ ಕ್ವಾರ್ಟರ್. ಬನ್ನಿಹಗ್ ಹಾಕಿಕೊಳ್ಳಿ. ಪ್ಲಗ್ ಇನ್ ಮಾಡೋಕೆ ಜಾಗ ಇದೆ."

ಇದರಲ್ಲಿ ಕಷ್ಟದ ಪದ ಜಾಸ್ತಿ ಇಲ್ಲ. ಡಿನ್ನರ್, ಎಲಿವೇಟರ್, ಬ್ಲಫ್, ಕ್ವಾರ್ಟರ್ ಎಲ್ಲ ನಮಗೆ ಗೊತ್ತಿರುವುದೇ. ತೊಂದರೆ ಇರುವುದೂ ಅಲ್ಲೇ. ಇವುಗಳಲ್ಲಿ ಒಂದಕ್ಕೂ ನಮಗೆ ಗೊತ್ತಿರುವ ಅರ್ಥ ಇಲ್ಲಿ ನಡೆಯುವುದಿಲ್ಲ. ಡಿಕ್ಷನರಿ ತೆಗೆದರೂ ದಾರಿ ತಪ್ಪಬಹುದು. ಆ ನೆಲ ಹೇಗಿದೆ ಎಂದು ತಿಳಿದರೆ ಮಾತು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಪ್ರೇರಿ ಅಂದರೆ ಯಾವ ಜಾಗ?

ಶಾಲೆಯ ಭೂಗೋಳದ ಪಾಠದಲ್ಲಿ ಸ್ಟೆಪ್ಪಿ, ಪಂಪಾಸ್ ಜೊತೆ ಬಾಯಿಪಾಠ ಮಾಡಿದ ಹುಲ್ಲುಗಾವಲೇ ಈ ಪ್ರೇರಿ. ಉತ್ತರ ಅಮೆರಿಕದ ನಡುಭಾಗದಲ್ಲಿ ಅಮೆರಿಕದಿಂದ ಕೆನಡಾದವರೆಗೆ ಹಬ್ಬಿದ ಬಯಲು. ಕೆನಡಾದಲ್ಲಿ ಪ್ರೇರಿ ಪ್ರಾಂತ್ಯಗಳು ಅಂದರೆ ಮೂರು: ಮ್ಯಾನಿಟೋಬಾ, ಸಸ್ಕಾಚೆವನ್, ಆಲ್ಬರ್ಟಾ. ಮ್ಯಾನಿಟೋಬಾ 1870ರಲ್ಲಿ ಪ್ರಾಂತ್ಯವಾಯಿತು, ಉಳಿದೆರಡು 1905ರಲ್ಲಿ. ಮೂರರಲ್ಲೂ ಉತ್ತರಕ್ಕೆ ಹೋದರೆ ಕಾಡು, ಕೆರೆಗಳೇ ಜಾಸ್ತಿ. ಬಯಲು, ಹೊಲ, ದೊಡ್ಡ ಊರುಗಳು ಇರುವುದು ದಕ್ಷಿಣದಲ್ಲಿ.

ಇಂಗ್ಲಿಷ್ ಬೆಳೆದದ್ದು ಗುಡ್ಡ, ಬೇಲಿ, ಸಣ್ಣ ಹೊಲಗಳ ದೇಶದಲ್ಲಿ. ಅದನ್ನು ಹೊತ್ತುಕೊಂಡು ಬಂದವರಿಗೆ ಇಲ್ಲಿ ಕಂಡದ್ದು ಮರವೇ ಇಲ್ಲದ ಬಯಲು. ಇದ್ದ ಪದಗಳನ್ನೇ ಹೊಸ ವಸ್ತುಗಳಿಗೆ ಹಚ್ಚಿದರು. ಸಾಲದಿದ್ದರೆ ಕ್ರೀ ಎಂಬ ಮೂಲನಿವಾಸಿ ಜನರಿಂದ, ಫ್ರೆಂಚರಿಂದ, ಆಮೇಲೆ ಉಕ್ರೇನಿನವರಿಂದ ತೆಗೆದುಕೊಂಡರು.

ಬಯಲು ಎಷ್ಟು ಚಪ್ಪಟೆ ಅಂದರೆ, ಸಸ್ಕಾಚೆವನ್ನಿನವರೇ ಹೇಳುವ ಹಳೇ ಜೋಕಿದೆ: ಇಲ್ಲಿ ನಿಮ್ಮ ನಾಯಿ ಓಡಿಹೋದರೆ ಮೂರು ದಿನ ಅದು ಹೋಗುವುದು ಕಾಣಿಸುತ್ತಲೇ ಇರುತ್ತದೆ.

ನೀರು, ಮರ, ಮಣ್ಣು

ಮೊದಲು ಸ್ಲೂ. ಎಸ್-ಎಲ್-ಒ-ಯು-ಜಿ-ಎಚ್ ಎಂದು ಬರೆಯುತ್ತಾರೆ. ಇದೇ ಕಾಗುಣಿತದ ಇಂಗ್ಲೆಂಡಿನ ಊರನ್ನು 'ಸ್ಲೌ' ಅನ್ನಬೇಕು. ಹಾವು ಪೊರೆ ಬಿಡುವುದಕ್ಕೆ ಇದೇ ಪದವನ್ನು 'ಸ್ಲಫ್' ಅನ್ನಬೇಕು. ಪ್ರೇರಿಯಲ್ಲಿ ಮಾತ್ರ 'ಸ್ಲೂ', ಅಂದರೆ ಹೊಲದ ನಡುವೆ ತಗ್ಗಿನಲ್ಲಿ ನಿಂತ ನೀರಿನ ಹೊಂಡ. ಯಾರೂ ತೋಡಿದ್ದಲ್ಲ. ಹತ್ತು ಸಾವಿರ ವರ್ಷಕ್ಕೂ ಹಿಂದೆ ಹಿಮಯುಗ ಮುಗಿದಾಗ ಹಿಂದೆ ಸರಿದ ಹಿಮನದಿಗಳು ನೆಲದ ಮೇಲೆ ಲೆಕ್ಕವಿಲ್ಲದಷ್ಟು ತಗ್ಗುಗಳನ್ನು ಬಿಟ್ಟುಹೋದವು. ವಸಂತದಲ್ಲಿ ಹಿಮ ಕರಗಿದ ನೀರು ಅವುಗಳಲ್ಲಿ ತುಂಬುತ್ತದೆ. ಬಯಲಿನ ನೀರು ಹರಿದುಹೋಗಲು ಇಳಿಜಾರಿಲ್ಲ, ಅಲ್ಲೇ ನಿಲ್ಲುತ್ತದೆ. ಉತ್ತರ ಅಮೆರಿಕದ ಕಾಡು ಬಾತುಗಳಲ್ಲಿ ದೊಡ್ಡ ಪಾಲು ಮರಿ ಮಾಡುವುದು ಈ ಹೊಂಡಗಳ ದಡದಲ್ಲೇ. ರೈತರು ದನಗಳ ನೀರಿಗೆಂದು ತಾವೇ ತೋಡಿಸಿದ ಹೊಂಡಕ್ಕೆ ಬೇರೆ ಹೆಸರು, ಡಗೌಟ್. ನಮ್ಮ ಕೃಷಿ ಹೊಂಡವೇ ಅದು. ಕ್ರಿಕೆಟ್ ನೋಡುವವರಿಗೆ ಆ ಪದ ಕೇಳಿದರೆ ಆಟಗಾರರು ಕೂರುವ ಜಾಗ ನೆನಪಾಗುತ್ತದೆ, ಅಲ್ವಾ?

ಇನ್ನು ಬ್ಲಫ್. ಬೆಂಗಳೂರಲ್ಲಿ ಬ್ಲಫ್ ಅಂದರೆ ಓಳು. ಡಿಕ್ಷನರಿಯಲ್ಲಿ ಇನ್ನೊಂದು ಅರ್ಥವೂ ಇದೆ, ನದಿ ಅಥವಾ ಕಡಲ ಪಕ್ಕದ ಕಡಿದಾದ ದಿಬ್ಬ. ಪ್ರೇರಿಯಲ್ಲಿ ಎರಡೂ ಅಲ್ಲ. ಬಯಲಿನ ನಡುವೆ ಗುಂಪಾಗಿ ಬೆಳೆದ ಮರಗಳ ಸಣ್ಣ ತೋಪು ಅದು. ಸಾಮಾನ್ಯವಾಗಿ ಪಾಪ್ಲರ್ ಜಾತಿಯ ಮರಗಳು. ತೇವ ಇರುವಲ್ಲಿ ಮಾತ್ರ ಅವು ನಿಲ್ಲುತ್ತವೆ, ಹಾಗಾಗಿ ಸ್ಲೂ ಇದ್ದ ಕಡೆ ಬ್ಲಫ್ ಇರುವುದು ಸಹಜ. ಗುಡ್ಡ, ಬಂಡೆ ಯಾವುದೂ ಇಲ್ಲದ ಕಡೆ ದಾರಿ ಹೇಳಲು ಇರುವ ಗುರುತು ಇವೆರಡೇ. ಬ್ಲಫ್ ಅಂದರೆ ದಿಬ್ಬ ಎಂದುಕೊಂಡು ಹುಡುಕುತ್ತಾ ಹೊರಟವರಿಗೆ ಪಕ್ಕದ ಪ್ರಾಂತ್ಯದವರೆಗೂ ಅದು ಸಿಗಲಿಕ್ಕಿಲ್ಲ.

ದಕ್ಷಿಣ ಆಲ್ಬರ್ಟಾಕ್ಕೆ ಬಂದರೆ ಬಯಲು ಇದ್ದಕ್ಕಿದ್ದಂತೆ ಬಿರುಕು ಬಿಟ್ಟಂತೆ ಆಳದ ಕಣಿವೆಗಳು ಕಾಣುತ್ತವೆ. ಅವು ಕೂಲಿ. ದಿನಗೂಲಿಗೂ ಇದಕ್ಕೂ ಸಂಬಂಧವಿಲ್ಲ. ಹರಿಯುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಲೆತ್‌ಬ್ರಿಜ್ ಊರಿನಲ್ಲಿ ಇಂಥ ಕೂಲಿಗಳ ನಡುವೆ ಹರಿಯುವ ಓಲ್ಡ್‌ಮನ್ ನದಿಯ ಕಣಿವೆ ದಾಟಲು 1909ರಲ್ಲಿ ರೈಲು ಸೇತುವೆ ಕಟ್ಟಿ ಮುಗಿಸಿದರು. ಉದ್ದ ಸುಮಾರು 1.6 ಕಿಲೋಮೀಟರ್, ಎತ್ತರ 95 ಮೀಟರ್ ಚಿಲ್ಲರೆ. ಮೇಲಿಂದ ನೋಡಿದರೆ ನೆಲ ಚಪ್ಪಟೆ, ಬಗ್ಗಿ ನೋಡಿದರೆ ಎದೆ ಝಲ್ ಅನ್ನುತ್ತದೆ.

ಮಣ್ಣಿನ ಪದ ಗಂಬೋ. ಮಳೆ ಬಂದಾಗ ಬೂಟಿಗೆ, ಟೈರಿಗೆ ಅಂಟಿಕೊಂಡು ಹೆಜ್ಜೆಹೆಜ್ಜೆಗೂ ಭಾರವಾಗುವ ಜೇಡಿಮಣ್ಣು. ವಿನಿಪೆಗ್ ಇರುವ ರೆಡ್ ನದಿಯ ಬಯಲಿನಲ್ಲೂ ರಿಜೈನಾ ಸುತ್ತಲೂ ಇದೇ. ಒದ್ದೆಯಾದರೆ ಉಬ್ಬಿ, ಒಣಗಿದರೆ ಬಿರಿಯುವ ಗುಣ ಇದರದು. ನಮ್ಮ ಎರೆಮಣ್ಣಿನದೂ ಅದೇ ಗುಣ. ಗದಗ, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೌಕಗಳ ನಾಡು: ಕ್ವಾರ್ಟರ್, ಗ್ರಿಡ್, ಕರೆಕ್ಷನ್ ಲೈನ್

ಪ್ರೇರಿ ಮಾತಿನಲ್ಲಿ ಹೊಸಬರಿಗೆ ತೀರಾ ಗೊಂದಲ ಮಾಡುವುದು ದಾರಿ ಹೇಳುವ ರೀತಿ. ಕೆನಡಾದಲ್ಲಿ ಎಲ್ಲ ಕಿಲೋಮೀಟರ್ ಲೆಕ್ಕ. ಆದರೆ ಇಲ್ಲಿನ ಹಳ್ಳಿಗರು ಇವತ್ತಿಗೂ ಮೈಲಿಯಲ್ಲೇ ಮಾತಾಡುತ್ತಾರೆ. ಎಡಕ್ಕೆ, ಬಲಕ್ಕೆ ಅನ್ನುವುದೂ ಕಡಿಮೆ, ಉತ್ತರಕ್ಕೆ, ಪೂರ್ವಕ್ಕೆ ಅನ್ನುತ್ತಾರೆ. ಇದು ಹಟವಲ್ಲ. ನೆಲವನ್ನೇ ಮೈಲಿಯ ಲೆಕ್ಕದಲ್ಲಿ ಕತ್ತರಿಸಿ ಇಟ್ಟಿದ್ದಾರೆ.

1871ರಲ್ಲಿ ಕೆನಡಾ ಸರ್ಕಾರ ಈ ಇಡೀ ಬಯಲಿನ ಸರ್ವೆ ಶುರು ಮಾಡಿತು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕ ಒಂದು ಸೆಕ್ಷನ್, ಅಂದರೆ 640 ಎಕರೆ. ಇಂಥ 36 ಸೆಕ್ಷನ್ ಸೇರಿದರೆ ಒಂದು ಟೌನ್‌ಶಿಪ್. ಸೆಕ್ಷನ್‌ನ ಕಾಲು ಭಾಗ, 160 ಎಕರೆ, ಒಂದು ಕ್ವಾರ್ಟರ್. 1872ರ ಕಾಯ್ದೆಯ ಪ್ರಕಾರ 10 ಡಾಲರ್ ಶುಲ್ಕ ಕಟ್ಟಿದರೆ ಒಂದು ಕ್ವಾರ್ಟರ್ ಸಿಗುತ್ತಿತ್ತು. ಅಲ್ಲೇ ವಾಸ ಮಾಡಬೇಕು, ಉಳಬೇಕು, ಮನೆ ಕಟ್ಟಬೇಕು ಅನ್ನುವ ಷರತ್ತು. ಹಾಗಾಗಿ ಪ್ರೇರಿ ರೈತ "ನನ್ನದು ಆರು ಕ್ವಾರ್ಟರ್" ಅಂದರೆ ಸುಮಾರು 960 ಎಕರೆ ಜಮೀನಿನ ಮಾತು. ನಮ್ಮಲ್ಲಿ ಹಾಗೆ ಹೇಳಿದರೆ ಪಕ್ಕದವರು ಬೇರೆ ಏನೋ ತಿಳಿದುಕೊಳ್ಳುತ್ತಾರೆ.

ಈ ಚೌಕಗಳ ಅಂಚಿನಲ್ಲಿ ಹೋಗುವ ಜಲ್ಲಿ ರಸ್ತೆಗೆ ಸಸ್ಕಾಚೆವನ್‌ನಲ್ಲಿ ಗ್ರಿಡ್ ರೋಡ್, ಚಿಕ್ಕದಾಗಿ ಗ್ರಿಡ್ ಎನ್ನುತ್ತಾರೆ. ವಿದ್ಯುತ್ ಗ್ರಿಡ್ ಅಲ್ಲ. ರಸ್ತೆಯಿಂದ ಹೊಲಕ್ಕೆ ಇಳಿಯಲು ಚರಂಡಿ ಮೇಲೆ ಮಣ್ಣು ಹಾಕಿ ಮಾಡಿದ ಜಾಗ ಅಪ್ರೋಚ್. ಮನೆ, ಕೊಟ್ಟಿಗೆ, ಶೆಡ್ಡು ಎಲ್ಲ ಇರುವ ಜಾಗ ಯಾರ್ಡ್.

ಈಗ ಕರೆಕ್ಷನ್ ಲೈನ್. ಗ್ಲೋಬ್ ಮೇಲೆ ರೇಖಾಂಶಗಳನ್ನು ನೋಡಿ. ಉತ್ತರಕ್ಕೆ ಹೋದಂತೆ ಅವು ಒಂದಕ್ಕೊಂದು ಹತ್ತಿರವಾಗುತ್ತವೆ. ಉತ್ತರ-ದಕ್ಷಿಣವಾಗಿ ಎಳೆದ ಸರ್ವೆ ಗೆರೆಗಳೂ ಅಷ್ಟೇ. ಹಾಗೇ ಬಿಟ್ಟರೆ ಮೇಲಿನ ಚೌಕಗಳು ಕಿರಿದಾಗುತ್ತಾ ಹೋಗಿ, ಉತ್ತರದ ರೈತನಿಗೆ 160 ಎಕರೆ ಸಿಗುವುದಿಲ್ಲ. ಅದಕ್ಕೆ ಸರ್ವೆಯವರು ಪ್ರತಿ 24 ಮೈಲಿಗೊಮ್ಮೆ ಗೆರೆ ನಿಲ್ಲಿಸಿ, ಮತ್ತೆ ಸರಿಯಾದ ಅಗಲಕ್ಕೆ ಅಳೆದು ಮುಂದಕ್ಕೆ ಹೋದರು. ಆ ಸರಿಪಡಿಸಿದ ಸಾಲೇ ಕರೆಕ್ಷನ್ ಲೈನ್. ಕೆಳಗಿನ ಗೆರೆ, ಮೇಲಿನ ಗೆರೆ ಅಲ್ಲಿ ಕೂಡುವುದಿಲ್ಲ. ನೇರವಾಗಿ ಬಂದ ರಸ್ತೆ ಅಲ್ಲಿ ತಟ್ಟನೆ ಪಕ್ಕಕ್ಕೆ ತಿರುಗಿ, ಸ್ವಲ್ಪ ದೂರ ಹೋಗಿ, ಮತ್ತೆ ಉತ್ತರಕ್ಕೆ ಹೊರಳುತ್ತದೆ. ಮೈಲಿಗಟ್ಟಲೆ ಸ್ಟೀರಿಂಗ್ ತಿರುಗಿಸದೇ ಬಂದವನಿಗೆ ರಾತ್ರಿ ಹೊತ್ತು, ಹಿಮದಲ್ಲಿ, ಇದು ಕಾಣದಿದ್ದರೆ ಗಾಡಿ ಸೀದಾ ಹೊಲಕ್ಕೆ. ಮೆಸೇಜ್‌ನಲ್ಲಿ 'ಹುಷಾರು' ಅಂದದ್ದು ಇದಕ್ಕೇ.

ಇದೇ ಸರ್ವೆಯಿಂದ ಹುಟ್ಟಿದ ಇನ್ನೊಂದು ಮಾತಿದೆ, ರೋಡ್ ಅಲೋವೆನ್ಸ್. ಮುಂದೆ ರಸ್ತೆ ಮಾಡಲೆಂದು ಚೌಕಗಳ ನಡುವೆ ಬಿಟ್ಟ ಸರ್ಕಾರಿ ಪಟ್ಟಿ. ಮೆಟಿ ಎನ್ನುವ ಜನರಿದ್ದಾರೆ. ತುಪ್ಪಳ ವ್ಯಾಪಾರದ ಕಾಲದಲ್ಲಿ ಮೂಲನಿವಾಸಿ ಮತ್ತು ಯುರೋಪಿನವರ ಸಂಬಂಧದಿಂದ ಬೆಳೆದ ಸಮುದಾಯ. 1885ರಲ್ಲಿ ಇವರು ಲೂಯಿ ರಿಯೆಲ್ ಮುಂದಾಳತ್ವದಲ್ಲಿ ಸರ್ಕಾರದ ವಿರುದ್ಧ ನಿಂತು ಸೋತರು. ರಿಯೆಲ್‌ನನ್ನು ಅದೇ ವರ್ಷ ರಿಜೈನಾದಲ್ಲಿ ಗಲ್ಲಿಗೇರಿಸಿದರು. ನೆಲೆ ಕಳೆದುಕೊಂಡ ಎಷ್ಟೋ ಮೆಟಿ ಕುಟುಂಬಗಳು ಈ ಪಟ್ಟಿಗಳ ಮೇಲೇ ಗುಡಿಸಲು ಹಾಕಿಕೊಂಡು ಬದುಕಿದವು. ಅವರಿಗೆ 'ರೋಡ್ ಅಲೋವೆನ್ಸ್ ಜನ' ಎಂಬ ಹೆಸರು ಬಿತ್ತು. ತಮಾಷೆಗೆ ಬಳಸುವ ಮಾತಲ್ಲ ಇದು.

ಉಳಿದದ್ದು ಎಲಿವೇಟರ್. ಲಿಫ್ಟ್ ಅಲ್ಲ. ರೈಲು ಹಳಿಯ ಪಕ್ಕ ನಿಂತ ಧಾನ್ಯದ ಎತ್ತರದ ಕಣಜ. ಗೋಧಿಯನ್ನು ಮೇಲಕ್ಕೆತ್ತಿ ತುಂಬಿಸಿ, ಕೆಳಗೆ ನಿಂತ ರೈಲು ಡಬ್ಬಿಗೆ ಸುರಿಯುವುದರಿಂದ ಆ ಹೆಸರು. 1930ರ ದಶಕದಲ್ಲಿ ಇಂಥವು ಐದು ಸಾವಿರಕ್ಕೂ ಜಾಸ್ತಿ ಇದ್ದವು. ಹಳೆಯ ಮರದ ಎಲಿವೇಟರ್‌ಗಳಲ್ಲಿ ಹೆಚ್ಚಿನವನ್ನು ಈಗ ಕೆಡವಿದ್ದಾರೆ. ಉಳಿದವು ದೂರದಿಂದಲೇ ಕಾಣುತ್ತವೆ, ಗುರುತಿಗೆ ಅನುಕೂಲ.

ಗಾಳಿ ಮತ್ತು ಚಳಿ ಕಲಿಸಿದ ಮಾತು

ವಿನಿಪೆಗ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಮಾಮೂಲು. ಊರಿಗೆ 'ವಿಂಟರ್‌ಪೆಗ್' ಎಂಬ ಅಡ್ಡಹೆಸರು ಸುಮ್ನೆ ಬಂದದ್ದಲ್ಲ. ಅಲ್ಲಿನವರನ್ನು ಚಳಿ ಹೇಗಿದೆ ಎಂದು ಕೇಳಿ. "ಪರವಾಗಿಲ್ಲ, ಇದು ಡ್ರೈ ಕೋಲ್ಡ್" ಅನ್ನುತ್ತಾರೆ. ಒಣ ಚಳಿ, ಮೈಗೆ ಅಷ್ಟು ನಾಟುವುದಿಲ್ಲ ಎಂಬ ಸಮಾಧಾನ. ಅರ್ಧ ನಿಜ, ಅರ್ಧ ಜಂಬ. ಬಟ್ಟೆ ಒದ್ದೆಯಾಗದೇ ಇರುವುದು ಒಳ್ಳೆಯದೇ, ಆದರೆ ಮೈನಸ್ 30ರಲ್ಲಿ ಗಾಳಿ ಬೀಸಿದರೆ ಕಿವಿಗೆ ಆ ವ್ಯತ್ಯಾಸವೆಲ್ಲ ತಿಳಿಯುವುದಿಲ್ಲ.

ಪ್ಲಗ್ ಇನ್ ಅಂದಾಗ ಹೊಸಬರು ಎಲೆಕ್ಟ್ರಿಕ್ ಕಾರು ಎಂದುಕೊಳ್ಳುತ್ತಾರೆ. ಇದು ಪೆಟ್ರೋಲ್ ಕಾರಿನ ಮಾತು. ಅಲ್ಲಿನ ಕಾರುಗಳ ಎಂಜಿನ್‌ಗೆ ಬ್ಲಾಕ್ ಹೀಟರ್ ಎಂಬ ಸಣ್ಣ ವಿದ್ಯುತ್ ಹೀಟರ್ ಹಾಕಿರುತ್ತಾರೆ. ಅದರ ವೈರು ಕಾರಿನ ಮುಂಭಾಗದಿಂದ ಹೊರಗೆ ಇಣುಕುತ್ತಿರುತ್ತದೆ. ಗಡಗಡ ಚಳಿಯಲ್ಲಿ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಕಸುವು ಇಳಿಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಹೊರಡುವ ಕೆಲವು ಗಂಟೆ ಮೊದಲೇ ವೈರನ್ನು ಸಾಕೆಟ್‌ಗೆ ಚುಚ್ಚಿ ಎಂಜಿನ್ ಬೆಚ್ಚಗಿಡುತ್ತಾರೆ. ಅಪಾರ್ಟ್‌ಮೆಂಟ್, ಆಫೀಸುಗಳ ಪಾರ್ಕಿಂಗ್‌ನಲ್ಲಿ ಸಾಕೆಟ್ ಇರುವ ಕಂಬಗಳ ಸಾಲು ಕಂಡರೆ ಅದು ಇದಕ್ಕೇ. ಬಾಡಿಗೆ ಮನೆ ನೋಡುವಾಗ ಪ್ಲಗ್ ಇನ್ ಇದೆಯಾ ಎಂದು ಕೇಳುವುದನ್ನು ಮರೆಯಬೇಡಿ. ರಾತ್ರಿಯಿಡೀ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಸೆಟೆದುಕೊಳ್ಳುವುದೂ ಉಂಟು. ಹೊರಟ ಮೇಲೆ ಸ್ವಲ್ಪ ದೂರ ದಡಬಡ ಅನ್ನುತ್ತದೆ. ಅದಕ್ಕೆ 'ಸ್ಕ್ವೇರ್ ಟೈರ್', ಚೌಕ ಟೈರು ಅನ್ನುತ್ತಾರೆ.

ಕ್ಯಾಲ್ಗರಿಯವರಿಗೆ ಇದೆಲ್ಲದರ ನಡುವೆ ಒಂದು ಬಿಡುವು ಸಿಗುತ್ತದೆ. ಅದೇ ಶಿನೂಕ್ ಗಾಳಿ. ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ನಿಮಗೆ ಗೊತ್ತಿರಬಹುದು. ಎರಡಕ್ಕೂ ಹೆಸರು ಬಂದದ್ದು ಪೆಸಿಫಿಕ್ ಕರಾವಳಿಯ ಒಂದೇ ಮೂಲನಿವಾಸಿ ಸಮುದಾಯದಿಂದ. ಗಾಳಿ ಬೆಚ್ಚಗಾಗುವುದು ಹೀಗೆ: ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ರಾಕಿ ಪರ್ವತ ಹತ್ತುವಾಗ ತಣ್ಣಗಾಗಿ ಮಳೆ, ಹಿಮ ಸುರಿಸುತ್ತದೆ. ಆವಿ ನೀರಾಗುವಾಗ ಬಿಡುವ ಶಾಖ ಗಾಳಿಯಲ್ಲೇ ಉಳಿಯುತ್ತದೆ. ಅದರಿಂದ ಹತ್ತುವಾಗ ಗಾಳಿ ನಿಧಾನವಾಗಿ ತಣಿಯುತ್ತದೆ. ಆಚೆ ಬದಿಗೆ ಒಣ ಗಾಳಿಯಾಗಿ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬೇಗ ಬಿಸಿಯಾಗುತ್ತದೆ. ಹತ್ತಿದಾಗ ಕಳೆದುಕೊಂಡದ್ದಕ್ಕಿಂತ ಇಳಿದಾಗ ಗಳಿಸಿದ್ದು ಜಾಸ್ತಿ. ಬಯಲಿಗೆ ತಲುಪುವ ಹೊತ್ತಿಗೆ ಅದು ಬೆಚ್ಚನೆಯ ಒಣ ಗಾಳಿ. ಕೆಲವೇ ಗಂಟೆಗಳಲ್ಲಿ ತಾಪಮಾನ 20 ಡಿಗ್ರಿ ಏರಿಬಿಡಬಹುದು. ಅಮೆರಿಕದ ಕಡೆಯ ಬಯಲಿನಲ್ಲಿ, ಸೌತ್ ಡಕೋಟಾದ ಸ್ಪಿಯರ್‌ಫಿಶ್ ಎಂಬ ಊರಲ್ಲಿ 1943ರ ಜನವರಿ 22ರಂದು ಬರೀ ಎರಡು ನಿಮಿಷದಲ್ಲಿ ಮೈನಸ್ 20ರಿಂದ 7 ಡಿಗ್ರಿಗೆ ಏರಿದ ದಾಖಲೆ ಇದೆ.

ಶಿನೂಕ್ ಬರುವ ಮುನ್ನ ಪಶ್ಚಿಮದ ಆಕಾಶದಲ್ಲಿ ಮೋಡದ ಅಂಚು ಕಮಾನಿನಂತೆ ನಿಲ್ಲುತ್ತದೆ, ಅದರ ಕೆಳಗೆ ನೀಲಿ ಪಟ್ಟಿ. ಅದು 'ಶಿನೂಕ್ ಆರ್ಚ್'. ಅದನ್ನು ಕಂಡ ತಕ್ಷಣ ಕೆಲವರು ಖುಷಿಪಡುತ್ತಾರೆ, ಕೆಲವರು ತಲೆನೋವಿನ ಮಾತ್ರೆ ಹುಡುಕುತ್ತಾರೆ.

ಹಿಮ ಕರಗುವ ಕಾಲಕ್ಕೆ ವಿನಿಪೆಗ್‌ನಲ್ಲಿ ಬೂಟರ್ ಎಂಬ ಮಾತು ಕೇಳಿಸುತ್ತದೆ. ಗಟ್ಟಿ ಮಂಜು ಎಂದು ಕಾಲಿಟ್ಟದ್ದು ನೀರಿನ ಗುಂಡಿಯಾಗಿ, ಬೂಟಿನೊಳಗೆ ತಣ್ಣೀರು ತುಂಬಿಕೊಂಡರೆ ಅದೇ ಬೂಟರ್. ಹಿಮದ ಜೊತೆ ಹೊಲದ ದೂಳು ಸೇರಿ ಕಪ್ಪಾಗಿ ಬಿದ್ದಿರುವುದು ಸ್ನರ್ಟ್. ಬೇಸಿಗೆಯ ಗುಡುಗು ಮಳೆಯಲ್ಲಿ ಸುಂಟರಗಾಳಿಯಂತೆ ತಿರುಗದೇ ಸೀದಾ ನುಗ್ಗಿ ಶೆಡ್ಡು ಕಿತ್ತೆಸೆಯುವ ಗಾಳಿ ಪ್ಲೌ ವಿಂಡ್, ನೇಗಿಲ ಗಾಳಿ.

ಬಂದವರು ತಂದದ್ದು, ಇದ್ದವರಿಂದ ಪಡೆದದ್ದು

ಸಸ್ಕಾಚೆವನ್ ಎಂಬ ಹೆಸರೇ ಕ್ರೀ ಭಾಷೆಯದು, ವೇಗವಾಗಿ ಹರಿಯುವ ನದಿ ಎಂದು. ವಿನಿಪೆಗ್ ಅಂದರೆ ಕೆಸರು ನೀರು. ಸ್ಯಾಸ್ಕಟೂನ್ ಅಂದರೆ ನೇರಳೆ ಬಣ್ಣದ ಒಂದು ಕಾಡುಹಣ್ಣು. ಮದ್ಯಪಾನ ವಿರೋಧಿಗಳ ಸಂಘವೊಂದು ಕುಡಿತವಿಲ್ಲದ ಊರು ಕಟ್ಟಲು 1880ರ ದಶಕದಲ್ಲಿ ಇಲ್ಲಿ ನೆಲೆಯೂರಿ, ಈ ಹಣ್ಣಿನ ಹೆಸರಿಟ್ಟಿತು. "ಸ್ಯಾಸ್ಕಟೂನ್ ಪೈ ತಿಂತೀರಾ?" ಎಂದರೆ ಹಣ್ಣಿನ ವಿಚಾರ. ಮೆಟಿ ಜನರ ಮಿಚಿಫ್ ಭಾಷೆ ಇನ್ನೂ ಸೋಜಿಗ. ಅದರಲ್ಲಿ ನಾಮಪದಗಳು ಹೆಚ್ಚಾಗಿ ಫ್ರೆಂಚ್, ಕ್ರಿಯಾಪದಗಳು ಕ್ರೀ.

ಉಕ್ರೇನಿನಿಂದ ಇವಾನ್ ಪಿಲಿಪಿವ್, ವಾಸಿಲ್ ಎಲೆನಿಯಾಕ್ ಎಂಬ ಇಬ್ಬರು 1891ರಲ್ಲಿ ಬಂದರು. ಅವರ ಹಿಂದೆ ಸಾವಿರಾರು ರೈತ ಕುಟುಂಬಗಳು ಬಂದವು. ಹಾಗಾಗಿ ಇಲ್ಲಿ ಅಜ್ಜಿ ಬಾಬಾ, ಅಜ್ಜ ಗೀಡೊ. "ನಮ್ಮ ಬಾಬಾ ಪೆರೋಗಿ ಮಾಡಿದ್ದಾರೆ" ಅಂದರೆ ಯಾವ ಸ್ವಾಮೀಜಿಯೂ ಅಲ್ಲ, ಅಜ್ಜಿ ಆಲೂಗಡ್ಡೆ ತುಂಬಿದ ಕಡುಬು ಮಾಡಿದ್ದಾರೆ ಎಂದರ್ಥ. ಒಳಚಡ್ಡಿಗೆ ಗಿಚ್, ಗಾಚ್, ಗಾಂಚ್ ಎಂದು ಊರಿಗೊಂದು ಹೆಸರು. ಮೂಲ ಪೂರ್ವ ಯುರೋಪಿನ ಭಾಷೆಗಳದ್ದು ಎನ್ನುತ್ತಾರೆ. ಮನೆಯೊಳಗಿನ ಮಾತು, ಆಫೀಸಿನಲ್ಲಿ ಬೇಡ.

ಬನ್ನಿಹಗ್ ಅಂದರೆ ತಲೆಗೆ ಟೋಪಿ, ಹೊಟ್ಟೆಯ ಮೇಲೆ ಜೇಬು ಇರುವ ಬೆಚ್ಚನೆಯ ಅಂಗಿ, ಇಂಗ್ಲಿಷಿನ 'ಹುಡಿ'. ಇದನ್ನು ಹೀಗೆ ಕರೆಯುವವರು ಸಸ್ಕಾಚೆವನ್ನಿನವರು ಮಾತ್ರ. ಹೆಸರು ಹೇಗೆ ಬಂತು ಅನ್ನುವುದಕ್ಕೆ ಅಲ್ಲೇ ಒಮ್ಮತವಿಲ್ಲ. ಆದರೆ ಬೇರೆ ಪ್ರಾಂತ್ಯದಲ್ಲಿ ಯಾರಾದರೂ ಈ ಪದ ಬಳಸಿದರೆ, ಇವರು ನಮ್ಮ ಕಡೆಯವರು ಎಂದು ತಕ್ಷಣ ಗುರುತು ಹಿಡಿಯುತ್ತಾರೆ.

ಊಟಕ್ಕೆ ಕರೆದರೆ ಎಷ್ಟು ಹೊತ್ತಿಗೆ ಹೋಗಬೇಕು?

ಹಳ್ಳಿ ಕಡೆ ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಹೊಲದ ಕೆಲಸದವರಿಗೆ ದಿನದ ದೊಡ್ಡ ಊಟ ಅದೇ. ಸಂಜೆಯದು ಸಪ್ಪರ್. ಹಾಗಾದರೆ ಲಂಚ್? ಮದುವೆ, ಪಾರ್ಟಿಗಳಲ್ಲಿ ಕುಣಿದು ದಣಿದ ಮೇಲೆ ರಾತ್ರಿ ತಡವಾಗಿ ಕೊಡುವ ತಿಂಡಿಗೆ 'ಮಿಡ್‌ನೈಟ್ ಲಂಚ್' ಅನ್ನುತ್ತಾರೆ. ಮೆಸೇಜ್ ಬಂದರೆ ಗಂಟೆ ಎಷ್ಟು ಎಂದು ಕೇಳಿಬಿಡುವುದು ಒಳ್ಳೆಯದು. ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಮ್ಯಾನಿಟೋಬಾದ 'ಸೋಷಿಯಲ್' ತಿಳಿದುಕೊಳ್ಳಲೇಬೇಕಾದ ಪದ. ಮದುವೆಗೆ ಮುಂಚೆ ಒಂದು ಹಾಲ್ ಬಾಡಿಗೆಗೆ ಹಿಡಿದು, ಟಿಕೆಟ್ ಮಾರಿ ಮಾಡುವ ಪಾರ್ಟಿ ಇದು. ಕುಣಿತ, ಕುಡಿತ, ಬಹುಮಾನದ ಹರಾಜು ಎಲ್ಲ ಇರುತ್ತದೆ. ತಡರಾತ್ರಿ ರೈ ಬ್ರೆಡ್, ಮಾಂಸದ ಹೋಳು, ಚೀಸ್, ಉಪ್ಪಿನಕಾಯಿ. ಉಳಿದ ದುಡ್ಡು ಮದುಮಕ್ಕಳಿಗೆ. ಪರಿಚಯ ಅಷ್ಟಕ್ಕಷ್ಟೇ ಇದ್ದರೂ ಟಿಕೆಟ್ ಕೊಳ್ಳುತ್ತಾರೆ, ಯಾಕೆಂದರೆ ನಾಳೆ ತಮ್ಮ ಮನೆಯ ಸೋಷಿಯಲ್‌ಗೆ ಇವರು ಬರಬೇಕಲ್ಲ. ನಮ್ಮ ಮುಯ್ಯಿಯ ಲೆಕ್ಕವೇ ಇದು, ಕೊಡುವುದು ಮಾತ್ರ ಮದುವೆಗೆ ಮುಂಚೆ.

ಸುಗ್ಗಿ ಮುಗಿದ ಮೇಲೆ ಚರ್ಚು, ಊರ ಹಾಲ್‌ಗಳಲ್ಲಿ ನಡೆಯುವ ಟರ್ಕಿ ಕೋಳಿಯ ಸಾಮೂಹಿಕ ಊಟ 'ಫೌಲ್ ಸಪ್ಪರ್'. ಕೊನೆಯಲ್ಲಿ ಕೊಡುವ ಸಣ್ಣ ಸಿಹಿ ತುಂಡುಗಳು 'ಡೇಂಟಿಸ್'. ಒಳಗೆ ಜಾಮ್ ತುಂಬಿದ ಡೋನಟ್ ಮ್ಯಾನಿಟೋಬಾದಲ್ಲಿ ಜಾಮ್‌ಬಸ್ಟರ್. ಸಸ್ಕಾಚೆವನ್ನಿನ ಹಿರಿಯರು ಚಾಕೊಲೇಟ್ ಹಾಲಿಗೆ 'ವೀಕೊ' ಅನ್ನುತ್ತಾರೆ, ಅದು ಹಳೆಯ ಬ್ರ್ಯಾಂಡ್ ಒಂದರ ಹೆಸರು.

ಬರಗಾಲದ ಮಾತು

1930ರ ದಶಕ ಈ ನಾಡಿಗೆ ಕೆಟ್ಟ ಕಾಲ. ಗೋಧಿ ಬೆಲೆ ಬಿತ್ತು, ಮಳೆ ಕೈಕೊಟ್ಟಿತು, ಉತ್ತ ಹೊಲದ ಮಣ್ಣು ದೂಳಾಗಿ ಎದ್ದಿತು. ಕಾರಿಗೆ ಪೆಟ್ರೋಲ್ ಹಾಕಲು ದುಡ್ಡಿಲ್ಲದೇ ರೈತರು ಎಂಜಿನ್ ಕಿತ್ತುಹಾಕಿ ಕಾರಿಗೆ ಕುದುರೆ ಕಟ್ಟಿದರು. ಅದಕ್ಕೆ 'ಬೆನೆಟ್ ಬಗ್ಗಿ' ಎಂದು ಹೆಸರಿಟ್ಟರು. ಬಗ್ಗಿ ಅಂದರೆ ಕುದುರೆಗಾಡಿ. ಬೆನೆಟ್ ಅಂದರೆ 1930ರಿಂದ 1935ರವರೆಗೆ ಪ್ರಧಾನಿಯಾಗಿದ್ದ ಆರ್. ಬಿ. ಬೆನೆಟ್. ಅವರೂ ಕ್ಯಾಲ್ಗರಿಯಿಂದ ಗೆದ್ದವರೇ. 'ನೆಕ್ಸ್ಟ್ ಇಯರ್ ಕಂಟ್ರಿ', ಮುಂದಿನ ವರ್ಷದ ನಾಡು ಅನ್ನುವ ಮಾತೂ ಇಂಥ ಬದುಕಿನದೇ. ಈ ವರ್ಷ ಹೋಯಿತು, ಮುಂದಿನ ವರ್ಷ ಬೆಳೆ ಬಂದೀತು ಎಂದು.

ಕೊಯ್ಲಾದ ಹೊಲದ ಕೂಳೆಯ ಮೇಲೆ ನಡೆಯುವವನು ಎಂಬ ಅರ್ಥದಲ್ಲಿ ಪ್ರೇರಿ ರೈತನಿಗೆ 'ಸ್ಟಬಲ್ ಜಂಪರ್' ಅನ್ನುತ್ತಾರೆ. ತಮ್ಮನ್ನು ತಾವೇ ಹೀಗೆ ಕರೆದುಕೊಂಡು ನಗುತ್ತಾರೆ. ಹೊರಗಿನವರು ಕರೆದರೆ ಹಿಡಿಸದೇ ಇರಬಹುದು.

ಯಾವುದು ಎಲ್ಲಿ ನಡೆಯುತ್ತದೆ?

ಎಲ್ಲ ಪದ ಎಲ್ಲ ಕಡೆ ಓಡುವುದಿಲ್ಲ. ಕ್ಯಾಲ್ಗರಿ, ಎಡ್ಮಂಟನ್ ಪೇಟೆಯ ಹುಡುಗರಿಗೆ ಕ್ವಾರ್ಟರ್, ಬ್ಲಫ್ ಅಷ್ಟಾಗಿ ಬೇಕಾಗುವುದಿಲ್ಲ. ಅವು ಹೊಲದವರ ಮಾತು. ಪ್ಲಗ್ ಇನ್ ಮೂರೂ ಪ್ರಾಂತ್ಯದಲ್ಲಿ ದಿನನಿತ್ಯದ್ದು. ಶಿನೂಕ್ ರಾಕಿ ಪರ್ವತಕ್ಕೆ ಹತ್ತಿರದ ಆಲ್ಬರ್ಟಾದಲ್ಲಿ ಜಾಸ್ತಿ. ಸೋಷಿಯಲ್, ಬೂಟರ್ ಮ್ಯಾನಿಟೋಬಾದವು. ರಿಜೈನಾದ ಅಂಗಡಿಯಲ್ಲಿ ಬನ್ನಿಹಗ್ ಕೇಳಿದರೆ ಸೀದಾ ತಂದುಕೊಡುತ್ತಾರೆ. ಅದೇ ಕ್ಯಾಲ್ಗರಿಯಲ್ಲಾದರೆ ಹುಡಿ ಎಂದೇ ಕೇಳಿ.